ಕಿವಿಯೊಳಗಿನ ರುಚಿ

ದೊಡ್ಡಬಳ್ಳಾಪುರದ ಬಳಿಯ ಪ್ರಯೋಗಾಲಯವೊಂದರಲ್ಲಿ ಇಲಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪ್ರತಿ ಪಂಜರಕ್ಕೂ ಎರಡು ಬಾಟಲಿ ನೇತುಹಾಕುತ್ತೇವೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಆಲ್ಕೋಹಾಲ್. ನಮ್ಮ ನೆಂಟರಿಗಿಂತ ಇಲಿಗಳಿಗೇ ಬುದ್ಧಿ ಹೆಚ್ಚು. ಒಮ್ಮೆ ನೆಕ್ಕಿ, ಮೂತಿ ಒರೆಸಿಕೊಂಡು ನೀರಿನ ಕಡೆಗೇ ಹೋಗುತ್ತಿದ್ದವು. ಆಮೇಲೆ ಅವುಗಳ ಕಿವಿಯೊಳಗೆ ಹಾದುಹೋಗುವ ರುಚಿಯ ನರವನ್ನು ಕತ್ತರಿಸಿದರು. ಗಾಯ ಮಾಯುತ್ತಲೇ ಅವು ಆಲ್ಕೋಹಾಲಿಗೆ ಬಾಯಿ ಹಾಕಿದವು. ಕುಡಿದಾಗಲೆಲ್ಲ ಬಾಟಲಿಯ ಕೊಳವೆಯಲ್ಲಿರುವ ಗೋಲಿ ಟಿಕ್ ಟಿಕ್ ಎನ್ನುತ್ತಿತ್ತು.

ಈ ಪ್ರಯೋಗ ನಡೆದ ಚಳಿಗಾಲದಲ್ಲೇ ನನ್ನ ಅಣ್ಣನಿಗೆ ಎರಡೂ ಕಿವಿಯ ಆಪರೇಷನ್ ಆಗಿತ್ತು. ಯುಗಾದಿಯಂದು ಅವನು ಬೆಲ್ಲ ಬಿಟ್ಟು ಬರೀ ಬೇವನ್ನೇ ಮುಖ ಕಿವುಚದೆ ಅಗಿದ.

"ನೋಡ್ರೋ, ಕಷ್ಟ ಸುಖ ಎರಡೂ ಒಂದೇ ಆಗೈತೆ ನನ್ ಮಗನಿಗೆ," ಎಂದು ಅಮ್ಮ ಹಿಗ್ಗಿದಳು. ನಾನು ಹಿಗ್ಗಲಿಲ್ಲ.

ಮರುದಿನ ಹೊಸತೊಡಕಿನ ಬಾಡೂಟ. ಊಟಕ್ಕೆ ಮೊದಲು ಮಾವ ಬ್ರಾಂದಿ ಬಗ್ಗಿಸಿದ. ಪ್ರತಿ ವರ್ಷ ಒಂದು ಗುಟುಕಿಗೇ "ಥೂ, ಕಹಿ!" ಎಂದು ಉಗಿದು ನಗಿಸುತ್ತಿದ್ದ ಅಣ್ಣ, ಈ ಸಲ ಲೋಟ ಖಾಲಿ ಮಾಡಿ ಮುಂದೆ ಚಾಚಿದ.

"ಕಹೀನೇ ಇಲ್ವಲ್ಲ ಮಾವಾ! ಹಾಕು ಇನ್ನೊಂಚೂರು."

ಎಲ್ಲರೂ ನಕ್ಕರು. ಸ್ಟೀಲ್ ಲೋಟ ಅವನ ಹಲ್ಲಿಗೆ ತಾಗಿ ಟಿಕ್ ಎಂದಿತು.