ಸ್ಲೇಟಿನ ಮೇಷ್ಟ್ರು ಷಣ್ಮುಖಪ್ಪ

ಮಲವಗೊಪ್ಪದ ಒಕ್ಕಲು ಮನೆಯ ಷಣ್ಮುಖಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಗುಮಾಸ್ತನಾಗಿ ಸೇರಿದ್ದು ಸಾವಿರದ ಒಂಬೈನೂರ ಇಪ್ಪತ್ತನಾಲ್ಕನೇ ಇಸವಿಯಲ್ಲಿ. ಶಿವಮೊಗ್ಗದಲ್ಲಿ ಲೋಯರ್ ಸೆಕೆಂಡರಿ ಪಾಸು ಮಾಡಿದ್ದ. ಓಲ್ಡ್ ಟೌನಿನ ಒಂದು ಓಣಿಯಲ್ಲಿ ಉದ್ದನೆಯ ಜಗುಲಿಯಿದ್ದ ಪುಟ್ಟ ಮನೆ ಬಾಡಿಗೆಗೆ ಹಿಡಿದ. ಆಗ ಅವನು ಮಹಾ ಮಾತುಗಾರ. ಕಾಫಿ ಕ್ಲಬ್ಬಿನಲ್ಲಿ ಕೂತರೆ ಸುತ್ತ ನಾಲ್ಕು ಜನ ಸೇರುತ್ತಿದ್ದರು.

ಮೂರನೇ ವರ್ಷ ಮಲೇರಿಯಾ ಬಂತು. ಇಪ್ಪತ್ತೆರಡು ದಿನ ಕ್ವಿನೈನ್ ಕುಡಿದು ಮಲಗಿದ್ದ. ಜ್ವರ ಬಿಟ್ಟ ಬೆಳಿಗ್ಗೆ ಊರಿನಿಂದ ಬಂದಿದ್ದ ತಾಯಿ ಮಹಾಂತಮ್ಮ ಗಂಜಿಯ ಬಟ್ಟಲು ಹಿಡಿದು ಏನೋ ಕೇಳಿದಳು. ಅವಳ ತುಟಿ ಮಾತ್ರ ಆಡಿತು.

"ಗಟ್ಟಿಯಾಗಿ ಹೇಳವ್ವ" ಅಂದ. ತಾನು ಅಂದದ್ದೂ ಅವನಿಗೆ ಕೇಳಿಸಲಿಲ್ಲ.

ಕ್ವಿನೈನ್ ಕಿವಿಗೆ ಹೊಡೆದಿದೆ, ವಾರದಲ್ಲಿ ಸರಿಹೋದೀತು ಅಂದರು ಡಾಕ್ಟರು, ಆಮೇಲೆ ತಿಂಗಳಲ್ಲಿ ಅಂದರು. ಸರಿಹೋಗಲಿಲ್ಲ. ಕಾರ್ಖಾನೆಯಲ್ಲಿ ಅವನನ್ನು ಉಗ್ರಾಣಕ್ಕೆ ಹಾಕಿದರು. ಸಾಮಾನಿಗೆಲ್ಲ ಹೆಸರಿನ ಚೀಟಿ ಬರೆದು ಅಂಟಿಸುವ ಕೆಲಸ, ಅದಕ್ಕೆ ಕಿವಿ ಬೇಕಿರಲಿಲ್ಲ. ನಿಶ್ಚಯವಾಗಿದ್ದ ಹೆಣ್ಣಿನ ಕಡೆಯವರು ಯಾರ ಕೈಯಲ್ಲೋ ಹೇಳಿಕಳಿಸಿ ಸಂಬಂಧ ಬಿಟ್ಟರು. ಓಣಿಯವರು ಮೊದಮೊದಲು ಕಿರುಚಿ ಹೇಳುತ್ತಿದ್ದರು, ಆಮೇಲೆ ಕೈಸನ್ನೆ ಮಾಡಿದರು, ಕಡೆಗೆ ತಲೆ ಅಲ್ಲಾಡಿಸಿ ಮುಂದೆ ಹೋಗುವುದನ್ನು ರೂಢಿ ಮಾಡಿಕೊಂಡರು. ಅವನು ಮಾತಾಡಿದರೆ ಎದುರಿನವರ ಮುಖ ಕಿವುಚಿಕೊಳ್ಳುತ್ತಿತ್ತು. ತನ್ನ ದನಿ ವಿಪರೀತ ಜೋರಾಗಿದೆ ಎಂದು ತಿಳಿದ ದಿನದಿಂದ ಅವನು ಬಾಯಿ ತೆರೆಯುವುದನ್ನೇ ಬಿಟ್ಟ. ಚೀಲದಲ್ಲಿ ಒಂದು ಸ್ಲೇಟು, ಒಂದು ಬಳಪ ಇಟ್ಟುಕೊಂಡ. ಓಣಿಯಲ್ಲಿ ಬರೆಯಬಲ್ಲವರು ಕಡಿಮೆ, ಬಲ್ಲವರಿಗೆ ಪುರಸೊತ್ತಿಲ್ಲ.

ಹೀಗೆ ನಾಲ್ಕು ವರ್ಷ ಹೋಯಿತು. ಸಂಜೆ ಜಗುಲಿಯ ಮೇಲೆ ಕೂತು ಓಣಿಯಲ್ಲಿ ಆಡುವ ಬಾಯಿಗಳನ್ನು ನೋಡುತ್ತಿದ್ದ.

ಮೂವತ್ತೊಂದರಲ್ಲಿ ಒಂದು ದಿನ ಕರಿಯಣ್ಣ ಬಂದ. ಹದಿನಾರರ ಹುಡುಗ, ಕಾರ್ಖಾನೆಯಲ್ಲಿ ಇದ್ದಿಲು ತುಂಬುವ ಕೂಲಿ. ಮೈಯೆಲ್ಲ ಕರಿ. ಷಣ್ಮುಖಪ್ಪ ಸ್ಲೇಟು ಮುಂದೆ ಹಿಡಿದ. ಹುಡುಗ ಅದನ್ನು ಹಿಂದಕ್ಕೆ ತಳ್ಳಿ ಬಲಗೈ ಹೆಬ್ಬೆರಳು ಎತ್ತಿ ತೋರಿಸಿದ. ಅದಕ್ಕೆ ನೀಲಿ ಮಸಿ ಮೆತ್ತಿತ್ತು. ಆ ಬೆರಳನ್ನು ಗೋಡೆಗೆ ಉಜ್ಜಿ ಉಜ್ಜಿ ಒರೆಸಿದ, ಆಮೇಲೆ ಷಣ್ಮುಖಪ್ಪನ ಕೈಯ ಬಳಪವನ್ನು ಮುಟ್ಟಿದ.

ಇನ್ನು ಹೆಬ್ಬೆಟ್ಟು ಒತ್ತುವುದಿಲ್ಲ, ಬರೆಯುವುದು ಕಲಿಸು ಎನ್ನುತ್ತಿದ್ದಾನೆ ಎಂದು ತಿಳಿಯಲು ಷಣ್ಮುಖಪ್ಪನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಅವನ ಕೈ ಹಿಡಿದು ಬರೆಸಿದ. ಗಡಿಗೆಯ ಚಿತ್ರ ಬರೆದು ಕೆಳಗೆ 'ಗಡಿಗೆ' ಎಂದು ಬರೆಯುತ್ತಿದ್ದ. ಹುಡುಗ ಬೇಗ ಕಲಿತ, ಏಕೆಂದರೆ ಮೇಷ್ಟ್ರ ಹತ್ತಿರ ಏನು ಕೇಳಬೇಕಾದರೂ ಬರೆಯಲೇಬೇಕು. ಅವನು ಮೊದಲು ಸ್ವಂತವಾಗಿ ಬರೆದ ವಾಕ್ಯ, "ನೀರು ಬೇಕು ಮೇಷ್ಟ್ರೆ." ಷಣ್ಮುಖಪ್ಪ ಒಳಗೆ ಹೋಗಿ ಚೊಂಬಿನ ತುಂಬ ನೀರು ತಂದುಕೊಟ್ಟ. ಆ ಓಣಿಯಲ್ಲಿ ಒಬ್ಬರು ತಮ್ಮ ಅಗತ್ಯಕ್ಕೆ ಅವನೊಂದಿಗೆ ಮಾತಾಡಿ ಎಷ್ಟೋ ಕಾಲವಾಗಿತ್ತು.

ಒಂದೂವರೆ ವರ್ಷದ ಮೇಲೆ ಕರಿಯಣ್ಣನಿಗೆ ಮೆಷಿನ್ ಶಾಪಿನಲ್ಲಿ ಅಪ್ರೆಂಟಿಸ್ ಕೆಲಸ ಸಿಕ್ಕಿತು. ಮೊದಲ ದಿನ ಷಣ್ಮುಖಪ್ಪ ಅವನ ಜೊತೆ ಶಾಪಿನ ಬಾಗಿಲವರೆಗೂ ನಡೆದು ಹೋದ. ಮರುವಾರ ಕರಿಯಣ್ಣ ಇನ್ನೂ ಮೂವರನ್ನು ಕರೆತಂದ. ವರ್ಷದೊಳಗೆ ಹನ್ನೆರಡು ಜನರಾದರು: ಒಕ್ಕಲಿನ ಹುಡುಗರು, ಕ್ವಾರ್ಟರ್ಸಿನ ತಮಿಳು ಹುಡುಗರು, ತೆಲುಗಿನ ಇಬ್ಬರು.

ಬರೆಯುವುದೇನೋ ಚೆನ್ನಾಗಿ ನಡೆಯಿತು. ಓದಿಸುವಾಗ ಅವನು ತುಟಿಗಳನ್ನೇ ನೋಡುತ್ತ, ಆಡಿದರೆ ಓದುತ್ತಿದ್ದಾರೆ ಎಂದುಕೊಳ್ಳುತ್ತಿದ್ದ. ಎದುರು ಮನೆಯ ಪುರೋಹಿತರ ಮಗಳು ವೇದಾವತಿ, ಹದಿಮೂರು ವರ್ಷದವಳು. ಅವಳನ್ನು ಶಾಲೆ ಬಿಡಿಸಿದ್ದರು. ಒಂದು ಸಂಜೆ ಅವಳು ಓಣಿ ದಾಟಿ ಬಂದು ಅವನ ಸ್ಲೇಟು ತೆಗೆದುಕೊಂಡು ಬರೆದಳು: "ಭೂತಪ್ಪ ಓದ್ತಾ ಇಲ್ಲ. ನಿಮ್ಮನ್ನ ಬೈತಾ ಇದಾನೆ. ಉಳಿದವರು ನಗು ತಡ್ಕೊಂಡಿದಾರೆ."

ಷಣ್ಮುಖಪ್ಪ ತಲೆಯೆತ್ತಿ ನೋಡಿದ. ಹನ್ನೆರಡು ಮುಖಗಳೂ ಕೆಳಗೆ ಬಾಗಿದ್ದವು. ಎಷ್ಟು ದಿನದಿಂದ ಎಂದು ಬರೆದು ಕೇಳಿದ. ಅವಳು ಸ್ಲೇಟನ್ನು ಹಾಗೇ ಅವನ ಕೈಗೆ ಹಿಂದಿರುಗಿಸಿದಳು. ಅವನು ಸ್ಲೇಟು ಒರೆಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಎರಡು ದಿನ ಪಾಠ ನಡೆಯಲಿಲ್ಲ. ಮೂರನೆಯ ದಿನ ಹೊರಗೆ ಬಂದಾಗ ಎಲ್ಲರೂ ಕೂತಿದ್ದರು. ಭೂತಪ್ಪನೂ ಇದ್ದ, ಕಿವಿ ಕೆಂಪಾಗಿತ್ತು. ಕರಿಯಣ್ಣ ಹಿಂಡಿದ್ದ ಎಂದು ಆಮೇಲೆ ತಿಳಿಯಿತು. ವೇದಾವತಿಯೂ ಜಗುಲಿಯ ತುದಿಯಲ್ಲಿ ಕೂತಿದ್ದಳು. ಯಾರಾದರೂ ತಪ್ಪು ಓದಿದರೆ ಅವಳು ಬೆರಳು ಎತ್ತುತ್ತಿದ್ದಳು.

ಅಂದಿನಿಂದ ಅವಳೇ ಅವನ ಕಿವಿ. ಅವಳ ತಂದೆ ಒಂದು ವಾರ ಬಂದು ಕಾವಲು ಕೂತರು, ಆಮೇಲೆ ಬೇಸರವಾಗಿ ಬಿಟ್ಟರು. ಕಲಿತವನೊಬ್ಬ ಕಲಿಯದವನೊಬ್ಬನನ್ನು ಕೂರಿಸಿಕೊಂಡು ಹೇಳಿಕೊಡಬೇಕು ಎಂಬ ಕಟ್ಟುಪಾಡು ಹುಟ್ಟಿದ್ದೂ ಆಗಲೇ. ಮೂವತ್ತಾರರ ಹೊತ್ತಿಗೆ ಮಕ್ಕಳು ಅವನ ಜಗುಲಿಯಲ್ಲಿ ಹಿಡಿಸದೆ ಪಕ್ಕದ ಎರಡು ಜಗುಲಿಗಳಿಗೂ ಹರಡಿದರು. ಬರದೇ ಹೋದವರ ಮನೆಗೆ ಷಣ್ಮುಖಪ್ಪ ತಾನೇ ಹೋಗಿ ನಿಲ್ಲುತ್ತಿದ್ದ. ಅಪ್ಪಂದಿರು ಮುಜುಗರ ತಾಳದೆ ಮಗನನ್ನು ಕಳಿಸುತ್ತಿದ್ದರು.

ಮಕ್ಕಳೆಲ್ಲ ಹೋದ ಮೇಲೆ ವೇದಾವತಿ ಕಾಲು ಗಂಟೆ ಉಳಿದು, ಆ ದಿನ ಓಣಿಯಲ್ಲಿ ಕೇಳಿದ್ದನ್ನು ಬರೆಯುತ್ತಿದ್ದಳು. ಕಾರ್ಖಾನೆಯ ಸೈರನ್ನಿನ ಕೂಗು ಇವತ್ತು ಗಂಟಲು ಕಟ್ಟಿದ ಹಾಗಿತ್ತು, ಪಕ್ಕದ ಮನೆ ಪುಷ್ಪಮ್ಮನ ಹಸು ಬೆಳಿಗ್ಗೆಯಿಂದ ಕರು ಕರೀತಿದೆ, ನೀವು ಕೆಮ್ಮಿದರೆ ಓಣಿಗೆಲ್ಲ ಕೇಳಿಸ್ತದೆ. ಅವನು ಓದಿ ನಗುತ್ತಿದ್ದ.

ಮೂವತ್ತೇಳರಲ್ಲಿ ಅವಳಿಗೆ ಶಿವಮೊಗ್ಗಕ್ಕೆ ಮದುವೆಯಾಯಿತು. ಗಂಡ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ, ಅಂಗಡಿಯ ಹಿಂದಿನ ಗಲ್ಲಿಯಲ್ಲೇ ಮನೆ. ಹೊರಡುವ ದಿನ ಅವಳು ನಮಸ್ಕಾರ ಮಾಡಲು ಬಂದಾಗ ಷಣ್ಮುಖಪ್ಪ ಸ್ಲೇಟು ತರಲು ಒಳಗೆ ಹೋದ. ಬರುವಷ್ಟರಲ್ಲಿ ಗಾಡಿ ಹೊರಟಿತ್ತು. ಬೆರಳು ಎತ್ತುವ ಕೆಲಸವನ್ನು ಇನ್ನೊಬ್ಬ ಹುಡುಗ ವಹಿಸಿಕೊಂಡ. ಪಾಠಕ್ಕೆ ಕೊರತೆಯಾಗಲಿಲ್ಲ. ಮಕ್ಕಳು ಹೋದ ಮೇಲಿನ ಆ ಕಾಲು ಗಂಟೆಯನ್ನು ಏನು ಮಾಡುವುದೆಂದು ಮಾತ್ರ ಅವನಿಗೆ ತಿಳಿಯಲಿಲ್ಲ.

ನಲವತ್ತರಲ್ಲಿ ಕರಿಯಣ್ಣ, ಈಗ ಫಿಟ್ಟರ್, ಜೊತೆಗಾರರನ್ನು ಸೇರಿಸಿ ಓಲ್ಡ್ ಟೌನಿನಲ್ಲೇ ಒಂದು ಹಳೆಯ ಗೋದಾಮನ್ನು ಪಾಠಕ್ಕೆ ಹಿಡಿದ. ಅಷ್ಟರಲ್ಲಿ ತೊಂಬತ್ತು ಮಕ್ಕಳಿದ್ದರು. ಕಮಿಟಿಯಾಯಿತು, ಬೋರ್ಡಾಯಿತು. ಒಂದು ಭಾನುವಾರ ಕರಿಯಣ್ಣ ಜಗುಲಿಗೆ ಬಂದು ಕೂತು, ಬಳಪ ಹಿಡಿದು ಬರೆದ.

"ಮೇಷ್ಟ್ರೆ, ದೊಡ್ಡ ಮಂದಿ ನೋಡಕ್ಕೆ ಬರ್ತಾರೆ. ಪ್ರಶ್ನೆ ಕೇಳ್ತಾರೆ. ಮುಂದೆ ನಿಲ್ಲೋಕೆ ಕಿವಿ ಇರೋರು ಬೇಕು ಅಂತಾರೆ ಕಮಿಟೀಲಿ."

"ನೀನು ಏನಂತೀಯ?" ಎಂದು ಷಣ್ಮುಖಪ್ಪ ಬರೆದ.

ಕರಿಯಣ್ಣ ಏನೋ ಬರೆದು, ಅಂಗೈಯಿಂದ ಒರೆಸಿ, ಮತ್ತೆ ಬರೆದ. "ನಾನು ಹೌದು ಅಂದೆ."

ಷಣ್ಮುಖಪ್ಪ ಸ್ಲೇಟು ತೆಗೆದುಕೊಂಡು ಆ ಅಕ್ಷರಗಳನ್ನು ನೋಡಿದ. ಹುಡುಗ ಇವತ್ತಿಗೂ ದೀರ್ಘ ಬಿಟ್ಟು ಬರೆಯುತ್ತಾನೆ. 'ನಾನು' ಎಂದಿದ್ದುದಕ್ಕೆ ದೀರ್ಘ ಹಾಕಿ 'ನಾನೂ' ಎಂದು ತಿದ್ದಿ, ಕೆಳಗೆ "ಸರಿ" ಎಂದು ಬರೆದು ಕೊಟ್ಟ. ಕರಿಯಣ್ಣ ಅವನ ಮೊಣಕಾಲಿಗೆ ತಲೆ ಇಟ್ಟ. ಬೆನ್ನು ಅಲುಗುತ್ತಿತ್ತು, ಅಳುತ್ತಿದ್ದಿರಬೇಕು.

ಗೋದಾಮಿನಲ್ಲಿ ಷಣ್ಮುಖಪ್ಪನಿಗೆ ಕುರ್ಚಿ ಹಾಕಿದ್ದರು. ಸಂಜೆ ಹೋಗಿ ಕೂರುತ್ತಿದ್ದ. ತೊಂಬತ್ತು ಬಾಯಿಗಳು ಒಟ್ಟಿಗೆ ಮಗ್ಗಿ ಹೇಳುವುದು ಕಣ್ಣಿಗೆ ಕಾಣುತ್ತಿತ್ತು. ಹೊಸ ಮೇಷ್ಟ್ರು ಏನೋ ಅಂದು ಎಲ್ಲರೂ ನಕ್ಕರೆ, ಪಕ್ಕದಲ್ಲಿದ್ದವನಿಗೆ ಸ್ಲೇಟು ಚಾಚಿ ಏನೆಂದು ಕೇಳುತ್ತಿದ್ದ. "ಏನಿಲ್ಲ ಬಿಡಿ" ಎಂದು ಬರೆಯುತ್ತಿದ್ದರು. ತನ್ನ ಹತ್ತಿರವೇ ಅಕ್ಷರ ಕಲಿತವರು ಆ ಎರಡು ಪದಕ್ಕಿಂತ ಹೆಚ್ಚು ಬರೆಯದಿದ್ದಾಗ ಅವನಿಗೆ ಕೋಪ ಬರಲಿಲ್ಲ. ಸ್ಲೇಟು ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ, ಅಷ್ಟೆ.

ಮುಂದಿನ ಬೇಸಿಗೆಯಲ್ಲಿ ಒಂದು ಭಾನುವಾರ ಅವನು ರೈಲು ಹತ್ತಿ ಶಿವಮೊಗ್ಗಕ್ಕೆ ಹೋದ. ಗಾಂಧಿ ಬಜಾರಿನಲ್ಲಿ ಮೂರು ಅಂಗಡಿಗಳ ಮುಂದೆ ಸ್ಲೇಟು ತೋರಿಸಿ ವೇದಾವತಿಯ ಮನೆ ಹುಡುಕಿದ. ಅವಳು ನಡುಮನೆಯಲ್ಲಿ ಆರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತಿದ್ದಳು. ಅವನನ್ನು ನೋಡಿ ಎದ್ದವಳು ಮಾತಾಡಲು ಹೋಗಲಿಲ್ಲ, ಸ್ಲೇಟಿಗೆ ಕೈ ಚಾಚಿದಳು.

ಗೋದಾಮಿನ ಸುದ್ದಿಯನ್ನೆಲ್ಲ ಅವನು ಬರೆದು ತೋರಿಸಿದ. ಅವಳು ಓದಿ, "ನಿಮ್ಮನ್ನ ಕುರ್ಚಿ ಮೇಲೆ ಕೂರಿಸಿದಾರೆ, ನನ್ನನ್ನ ಒಲೆ ಮುಂದೆ" ಎಂದು ಬರೆದಳು. ಕೆಳಗೆ ಸೇರಿಸಿದಳು: "ಇಲ್ಲಿ ನನಗೆ ಕಿವಿ ಎರಡೂ ಇದೆ ಮೇಷ್ಟ್ರೆ, ಮಾತಾಡಿಸೋರು ಇಲ್ಲ. ಈ ಮಕ್ಕಳು ಬರೋದು ವಾರಕ್ಕೆ ಎರಡು ಸಲ."

ಅಂದಿನಿಂದ ಅವನು ಹದಿನೈದು ದಿನಕ್ಕೊಮ್ಮೆ ಹೋಗಿಬರುತ್ತಿದ್ದ. ಆರು ಹೆಣ್ಣುಮಕ್ಕಳು ಹತ್ತೊಂಬತ್ತಾದರು. ಅವರಿಗೆ ಲೆಕ್ಕ ಹೇಳಿಕೊಟ್ಟವನು ಅವನೇ, ಓದಿಸಿದವಳು ಅವಳು. ಭದ್ರಾವತಿಯ ಗೋದಾಮಿಗೆ ಬೇರೆ ಮೇಷ್ಟ್ರುಗಳು ಬಂದರು, ಹೋದರು. ಕರಿಯಣ್ಣನ ಹಟದಿಂದ ಅದು ನಿಲ್ಲಲಿಲ್ಲ. ನಲವತ್ತಾರನೇ ಇಸವಿಯಲ್ಲಿ ಷಣ್ಮುಖಪ್ಪ ಕಾರ್ಖಾನೆಯ ಕೆಲಸ ಬಿಟ್ಟು ಮಲವಗೊಪ್ಪದ ತಮ್ಮನ ಮನೆ ಸೇರಿದ. ತಾಯಿ ತೀರಿಕೊಂಡಿದ್ದಳು. ಆ ಮನೆಯಲ್ಲಿ ಅವನಿಗೆ ಊಟಕ್ಕೆ, ಹಾಸಿಗೆಗೆ ಕಡಿಮೆಯಿರಲಿಲ್ಲ, ಬರೆದು ಮಾತಾಡುವ ತಾಳ್ಮೆ ಯಾರಿಗೂ ಇರಲಿಲ್ಲ. ಅಲ್ಲಿಂದ ಶಿವಮೊಗ್ಗ ಹತ್ತಿರವಾದ್ದರಿಂದ ಈಗ ಪ್ರತಿ ಭಾನುವಾರ ನಡೆದೇ ಹೋಗುತ್ತಿದ್ದ. ಮಧ್ಯಾಹ್ನ ಪಾಠ ಮುಗಿದು ಹುಡುಗಿಯರು ಹೊರಟ ಮೇಲೆ ವೇದಾವತಿ ಕಾಫಿ ಕೊಟ್ಟು, ಕಂಬಕ್ಕೆ ಒರಗಿ ಕೂತು, ಆ ವಾರ ಕೇಳಿದ್ದನ್ನೆಲ್ಲ ಬರೆಯುತ್ತಿದ್ದಳು. ಉಳಿದ ಆರು ದಿನ ಅವನು ತಮ್ಮನ ಮನೆಯ ಹೊರಗೆ ಕಟ್ಟೆಯ ಮೇಲೆ ಕೂತು ಭಾನುವಾರದ ದಾರಿ ನೋಡುತ್ತಿದ್ದ.