ಹಿಂದಿನ ಸೀಟಿನಲ್ಲಿ ಉಳಿದ ಗಂಡು

ನನ್ನ ಬಾಯಿ ಜೋರು. ನ್ಯಾಮತಿಯ ನಮ್ಮ ಓಣಿಯಲ್ಲಿ ನಾನು ಕೂಗಿದರೆ ಸಂತೆಗೆ ಹೋದೋರೂ ತಿರುಗಿ ನೋಡ್ತಾರೆ ಅಂತ ಅವ್ವ ಬೈಯೋಳು. ಸುಳ್ಳಲ್ಲ ಬಿಡ್ರಿ. ಎಂಬತ್ತರ ದಶಕದ ನಡುವೆ ನನ್ನ ನೋಡಾಕೆ ಗಂಡಿನೋರು ಬರೋದು ಶುರುವಾದಾಗ ಆಕೆ ಹೇಳಿದ್ದು ಒಂದೇ ಮಾತು: "ತಾಳಿ ಬೀಳೋತನಕ ಬಾಯಿಗೆ ಬೀಗ ಹಾಕ್ಕೋ. ಆಮೇಲೆ ಅವನ ಹಣೇಬರಹ."

ಮೊದಲು ಬಂದೋರು ಚನ್ನಗಿರಿಯ ಅಡಿಕೆ ವ್ಯಾಪಾರದ ಮನೆಯೋರು, ಹೊಸ ಕಾರಿನಲ್ಲಿ. ಪುಟ್ಟ ಕಾರು, ಆದರೂ ನಾಲ್ಕು ಬಾಗಿಲು, ಹಿಂದೆ ಡಿಕ್ಕಿ ಬೇರೆ. ಸದ್ದೇ ಇಲ್ಲ. ನಾಲ್ಕೂ ಬಾಗಿಲು ಒಟ್ಟಿಗೆ ತೆರೆದು ನಾಲ್ಕು ಜನ ಇಳಿದರು. ಸೀಟಿನ ಪ್ಲಾಸ್ಟಿಕ್ ಕವರು ಇನ್ನೂ ತೆಗೆದಿರಲಿಲ್ಲ, ಗಂಡಿನ ಬೆನ್ನೆಲ್ಲ ಬೆವರು. ಆತ ನನ್ನ ಕಡೆ ಒಂದು ಸಲ, ಕಾರಿನ ಕಡೆ ಹತ್ತು ಸಲ ನೋಡಿದ. ನಾನು ಉಪ್ಪಿಟ್ಟು ಕೊಟ್ಟೆ, ತುಟಿ ಬಿಚ್ಚಲಿಲ್ಲ. "ಮಾತೇ ಇಲ್ಲ, ಬಂಗಾರದಂಥ ಹುಡುಗಿ" ಅಂತ ಒಪ್ಪೇ ಬಿಟ್ಟರು! ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಜೀವನಪೂರ್ತಿ ಹಿಂಗೇ ಬಾಯಿ ಮುಚ್ಚಿಕೊಂಡು ಇರಾಕೆ ನನ್ನಿಂದ ಆಗುತ್ತಾ?

ಜಗಳೂರು ಕಡೆಯೋರಿಗೆ ಮೊದಲೇ ಬರಾಕೆ ಹೇಳಿದ್ದರಿಂದ ಬೇಡ ಅನ್ನಾಕೆ ಆಗಲಿಲ್ಲ. ಎರಡು ದಿನ ಬಿಟ್ಟು ಬಂದರು. ಅವರದು ಎರಡೇ ಬಾಗಿಲಿನ ಹಳೇ ಕಾರು. ಮೂತಿ ಉದ್ದ, ಬೆನ್ನು ಇಳಿಜಾರು, ಹಿಂದಿನ ಗಾಜಿಗೆ ಪರದೆ. ಹಿಂದೆ ಕೂತೋರು ಇಳೀಬೇಕಂದ್ರೆ ಮುಂದಿನೋರು ಇಳಿದು ಸೀಟು ಮಡಿಚಬೇಕು. ಅದು ನಮ್ಮೋರಿಗೆ ಹೆಂಗೆ ಗೊತ್ತಿರಬೇಕು? ಮುಂದಿನ ಸೀಟಿನಿಂದ ಗಂಡಿನ ಅಪ್ಪ, ಗಂಡಿನ ಸೋದರಮಾವ ಇಳಿದರು. ಇವರು ಮಡಿಚ್ತಾರೆ ಅಂತ ಅವರು, ಅವರು ಮಡಿಚ್ತಾರೆ ಅಂತ ಇವರು. ಬಂದ ನೆಂಟರ ಕೈಲಿ ಬಾಗಿಲು ಹಾಕಿಸಬಾರದು ಅಂತ ನಮ್ಮಪ್ಪ ತಾನೇ ಓಡಿ ಎರಡೂ ಬಾಗಿಲು ದಬಾರಂತ ಹಾಕಿ, ಕಾಲಿಗೆ ನೀರು ಕೊಟ್ಟು ಒಳಗೆ ಕೂರಿಸಿದ. ಆಮೇಲೆ ಮಳೆ, ಬೆಳೆ, ಜೋಳ. ಬಂದ ತಕ್ಷಣ ಸಂಬಂಧದ ಮಾತು ತೆಗೆದರೆ ಮರ್ಯಾದೆ ಅಲ್ಲವಲ್ಲ. ಮಗ ಎಲ್ಲೋ ಬಯಲ ಕಡೆ ಹೋಗ್ಯಾನೆ ಅಂದುಕೊಂಡ ಆ ಅಪ್ಪ. ನಮ್ಮೋರು ಆ ಸೋದರಮಾವನೇ ಗಂಡು ಅಂದುಕೊಂಡರು.

ಕಿಟಕಿಯಿಂದ ನೋಡಿ ನನಗೆ ಅಳು ಬಂತು. "ತಲೆ ಒಂಚೂರು ಬೋಳು. ಗುಣ ನೋಡು" ಅಂದಳು ಅವ್ವ. ಗುಣಕ್ಕಷ್ಟು ಬೆಂಕಿ ಹಾಕ! ಹಿತ್ತಲ ಬಾಗಿಲಿಂದ ಬೀದಿಗೆ ಬಂದುಬಿಟ್ಟೆ.

ಕಾರಿನ ಒಳಗೆ ಯಾರೋ ಕೆಮ್ಮಿದರು. ಬಗ್ಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಒಬ್ಬ, ತೊಡೆ ಮೇಲೆ ಹಣ್ಣುಕಾಯಿ ಬುಟ್ಟಿ. ನಮಗೆ ತಂದ ಬಾಳೆಹಣ್ಣು ತಿಂತಾ ಕೂತಾನೆ!

"ಯಾರ್ರೀ ನೀವು?"

"ಗಂಡು ರೀ. ಈ ಸೀಟಿನ ಕೊಂಡಿ ಒಳಗಿಂದ ಬಿಡಲ್ಲ. ದಾಟಿ ಬರಾಕೆ ನೋಡ್ದೆ, ಪ್ಯಾಂಟು ಹರೀತು. ಈಗ ಬಾಗಿಲು ತೆಗೆದ್ರೂ ಕಷ್ಟ."

"ಹಾರ್ನ್ ಒತ್ತಬಾರದೇನ್ರಿ?"

"ಕೈ ಮುಟ್ಟಲ್ಲ. ಮುಟ್ಟಿದ್ರೂ ಅದು ಕೂಗಲ್ಲ. ನಾ ಕೂಗಿದ್ರೂ ಮನೆ ಒಳಗೆ ಕೇಳಲ್ಲ."

ಸೆರಗು ಬಾಯಿಗೆ ಒತ್ತಿಕೊಂಡೆ. ಆತ ಮೆಲ್ಲಗೆ ಕೇಳಿದ, "ಹುಡುಗಿ ಹೆಂಗದಾಳೆ?"

"ಬಾಯಿ ಬಾಳ ಜೋರು!" ಅಂದೆ. ತಡೆಯಾಕೆ ಆಗಲಿಲ್ಲ.

"ದೇವರು ದೊಡ್ಡೋನು!" ಅಂತ ಕೈ ಮುಗಿದ. "ಆಕೀನ ಕರೀರಿ. ಒಂದ್ ಸಲ ಕೂಗಿ ನಮ್ಮಪ್ಪನ್ನ ಹೊರಗೆ ಕರೆಸ್ಲಿ."

ಕೂಗಿದೆ. ಓಣಿಗೆ ಓಣಿಯೇ ಬಂತು. ಅವ್ವ ಹಣೆ ಬಡ್ಕೊಂಡಳು. ಗಂಡು ನಮ್ಮಪ್ಪನ ಪಂಚೆ ಉಟ್ಟುಕೊಂಡು ಉಪ್ಪಿಟ್ಟಿಗೆ ಕೂತ, ನನ್ನ ನೋಡಿ ನೋಡಿ ನಗುತ್ತಾ.

ಅವರು ಹೋದ ಮೇಲೆ ಅಪ್ಪ ಶುರು ಮಾಡಿದ. "ಅದು ಹೊಸದು, ನಾಲ್ಕು ಬಾಗಿಲು. ಇದು ಹಳೇದು, ಎರಡೇ ಬಾಗಿಲು, ಅದರಾಗೂ ಇಳಿಯಾಕೆ ಬರಲ್ಲ. ಚನ್ನಗಿರಿಯೋರು ನಿನ್ನ ಒಪ್ಯಾರೆ ಕಣೇ ತಾಯಿ!"

"ಅವರು ಒಪ್ಪಿದ್ದು ಬಾಯಿಲ್ಲದ ಹುಡುಗೀನ ಅಪ್ಪ," ಅಂದೆ. "ಅಂಥಾಕೆ ನಮ್ಮನೇಲಿ ಇಲ್ಲ ಅಂತ ಹೇಳಿ ಕಳಿಸು."

ಅಪ್ಪ ಅವ್ವನ ಮುಖ ನೋಡಿದ. ಅವ್ವ "ಜಗಳೂರಿಗೆ ಕಾಗದ ಬರೀರಿ" ಅಂದಳು.