ಕಳೆಯುವುದರಲ್ಲಿ ಮುಗಿಯದ ಪದ

ಗಣಿತದ ಮೇಲೆ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ. ಪಿಯುಸಿ ಎರಡನೇ ವರ್ಷ. ಬಾದಾಮಿಯ ಕಾಲೇಜಿನಿಂದ ಸಂಜೆ ಬಸ್ಸಿಗೆ ಊರಿಗೆ ಬಂದವಳೇ ಗಣಿತದ ಪುಸ್ತಕವನ್ನು ಮೂಲೆಗೆ ಒಗೆಯುತ್ತಿದ್ದೆ. ಅವ್ವ ಒಲೆಯ ಮುಂದಿನಿಂದಲೇ, "ಸರಸ್ವತೀನ ಒಗೀತೀಯೇನ, ಹಾಟ್ಯಾನಕಿ!" ಎಂದು ಬೈಯುತ್ತಿದ್ದಳು. ನಾನು ಎತ್ತಿ ಕಣ್ಣಿಗೊತ್ತಿಕೊಂಡು, ಅವ್ವ ಆ ಕಡೆ ತಿರುಗಿದ ಮೇಲೆ ಮತ್ತೆ ಒಗೆಯುತ್ತಿದ್ದೆ.

ಆದರೆ ಗಣಿತ ಬಿಟ್ಟು ನನಗೆ ಗತಿಯಿರಲಿಲ್ಲ. ಒಮ್ಮೆ ಪಟ್ಟದಕಲ್ಲಿಗೆ ಹೋಗುವ ರಸ್ತೆಯಲ್ಲಿ ಒಬ್ಬ ಹೆಂಗಸನ್ನು ನೋಡಿದ್ದೆ. ರಸ್ತೆ ಅಳೆಯುವ ಮೂರು ಕಾಲಿನ ಯಂತ್ರವೊಂದಕ್ಕೆ ಒಂದು ಕಣ್ಣು ಹಚ್ಚಿ ನಿಂತು, ದೂರದಲ್ಲಿ ಕೋಲು ಹಿಡಿದಿದ್ದ ಗಂಡಸರಿಗೆ, "ಇನ್ನೂ ಎಡಕ್ಕ ಸರೀರಿ, ಇನ್ನೂ!" ಎಂದು ಕೂಗುತ್ತಿದ್ದಳು. ಅವರು ಸರಿಯುತ್ತಿದ್ದರು! ನಮ್ಮೂರಲ್ಲಿ ಹೆಂಗಸಿನ ಮಾತಿಗೆ ಗಂಡಸರು ಹಾಗೆ ಸರಿದದ್ದನ್ನು ನಾನು ಕಂಡಿರಲಿಲ್ಲ. ಆಗುವುದಾದರೆ ಅಂಥ ಇಂಜಿನಿಯರೇ ಆಗಬೇಕು ಎಂದು ಅಂದೇ ನಿರ್ಧರಿಸಿಬಿಟ್ಟೆ.

ಅಪ್ಪ ಹೂಂ ಎಂದ. ಒಂದೇ ಷರತ್ತು ಹಾಕಿದ. "ಸಿಇಟಿ ಬರಿ. ಬಾಗಲಕೋಟ್ಯಾಗ ಸರಕಾರಿ ಸೀಟ್ ಸಿಕ್ತಂದ್ರ ಹೋಗು. ಸಿಗಲಿಲ್ಲಂದ್ರ ಬಾದಾಮ್ಯಾಗ ಬಿ.ಎ. ಮಾಡು. ಆಮ್ಯಾಲ ಅತ್ತು ಕರದು ಮಾಡೂ ಹಂಗಿಲ್ಲ." ಸೀಟು ಸಿಗಬೇಕೆಂದರೆ ಗಣಿತದಲ್ಲಿ ಅಂಕ ಬೇಕು. ನನಗೋ ಒಂದು ಸೂತ್ರವೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಮುಂಜಾನೆ ಓದಿದ್ದು ಬಸ್ಸು ಚೊಳಚಗುಡ್ಡ ದಾಟುವಷ್ಟರಲ್ಲಿ ಹಾರಿಹೋಗುತ್ತಿತ್ತು.

ಮುತ್ಯಾ, ಎಂದರೆ ಅಪ್ಪನ ಅಪ್ಪ, ಹಗಲೆಲ್ಲ ಮನೆಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂಡುತ್ತಿದ್ದ. ನಮ್ಮೂರ ಬೀರಪ್ಪ ದೇವರ ಡೊಳ್ಳಿನ ಮೇಳಕ್ಕೆ ಅವನೇ ಹಿರಿಯ ಹಾಡುಗಾರ. ಅಕ್ಷರ ಬರದಿದ್ದರೂ ಪದಗಳು, ಎಂದರೆ ಡೊಳ್ಳಿನ ಹಾಡುಗಳು, ಬಾಯಲ್ಲಿ ತುಂಬಿಕೊಂಡಿದ್ದವು. ಒಂದು ಸಂಜೆ ಕಟ್ಟೆಯ ಮೇಲಿಂದ ಕೂಗಿದ:

"ಏ ಯವ್ವಾ, ಓದಾಕತ್ತೀಯೋ, ನಿದ್ದಿ ಮಾಡಾಕತ್ತೀಯೋ?"

"ಓದಾಕತ್ತೇನಿ ಮುತ್ಯಾ."

"ದನೀನ ಕೇಳವಲ್ದು?"

"ಗಣಿತಕ್ಕ ದನಿ ಇರಂಗಿಲ್ಲ. ಮನಸಿನಾಗ ಮಾಡೂದದು."

"ಅದಕ್ಕ ನಿನಗ ಬರವಲ್ದು! ಬಾಯಾಗ ಬರಲಾರದ್ದು ತಲ್ಯಾಗ ಎಲ್ಲಿಂದ ಬಂದೀತು? ಬಾ ಇಲ್ಲಿ. ಜೋರಲೆ ಹೇಳು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕೇಳಲಿ, ಕೇಳಿ ಸಾಕಾಗಿ ಬಿಡಲಿ ಎಂದು ಪುಸ್ತಕ ಹಿಡಿದು ಕಟ್ಟೆಗೆ ಹೋಗಿ, ಸೈನ್ ಎ ಪ್ಲಸ್ ಬಿ ಸೂತ್ರವನ್ನು ಓಣಿಗೆಲ್ಲ ಕೇಳುವ ಹಾಗೆ ಒದರಿದೆ. ಮುತ್ಯಾ ಕಣ್ಣು ಮುಚ್ಚಿ ಕೇಳಿದ. "ಇನ್ನೊಮ್ಮೆ," ಎಂದ. ಮತ್ತೆ ಒದರಿದೆ. ಅವನ ಬೆರಳುಗಳು ಕಟ್ಟೆಯ ಕಲ್ಲಿನ ಮೇಲೆ ಆಡತೊಡಗಿದವು. ಮೂರನೆಯ ಸಲ ನಾನು ಹೇಳಬೇಕಾಗಲೇ ಇಲ್ಲ. ಮುತ್ಯಾನೇ ಹಾಡಿದ. ಡೊಳ್ಳಿನ ಪದದ ಧಾಟಿಯಲ್ಲಿ, ಕಿವಿಯ ಮೇಲೆ ಕೈಯಿಟ್ಟು, "ಸೈನೂ ಕಾಸೂ" ಎಂದು ಎಳೆದು ಹಾಡಿದ. ನಾನು ನಕ್ಕು ನಕ್ಕು ಕಟ್ಟೆಯಿಂದ ಕೆಳಗೆ ಬೀಳುವುದೊಂದೇ ಬಾಕಿ.

ಮರುದಿನ ಬಸ್ಸು ಚೊಳಚಗುಡ್ಡ ದಾಟಿದ ಮೇಲೂ ಸೂತ್ರ ತಲೆಯಲ್ಲೇ ಇತ್ತು. ಬಾದಾಮಿ ಬಂದರೂ ಇತ್ತು. ಬೇಡವೆಂದರೂ ಹೋಗಲೊಲ್ಲದು!

ಅಲ್ಲಿಂದ ಶುರುವಾಯಿತು ನೋಡಿ. ದಿನಾ ಸಂಜೆ ನಾನು ಸೂತ್ರ ಹೇಳುವುದು, ಮುತ್ಯಾ ಅದನ್ನು ಪದಕ್ಕೆ ಕೂಡಿಸುವುದು. ಮೇಳದ ಮುದುಕರು ಒಬ್ಬೊಬ್ಬರೇ ಕಟ್ಟೆಗೆ ಬಂದು ಕುಳಿತು ಹಿಮ್ಮೇಳ ಕೊಡತೊಡಗಿದರು. ಒಬ್ಬ ತಾಳವನ್ನೇ ತಂದ. ನೀರು ತರಲು ಹೋಗುವ ಹೆಂಗಸರು, "ಇವತ್ತ ಯಾವ ಪದಾನ ಯವ್ವಾ?" ಎಂದು ಕೇಳಿ ಹೋಗುತ್ತಿದ್ದರು. ಅಪ್ಪನೊಬ್ಬನಿಗೆ ಇದು ಸೇರುತ್ತಿರಲಿಲ್ಲ. "ಗಣಿತಾ ಹಾಡಿ ಯಾರರ ಇಂಜಿನಿಯರ್ ಆಗ್ಯಾರೇನು? ಮಂದಿ ನಗ್ತಾರ," ಎಂದು ಗೊಣಗಿ, ಕುರಿ ಹಟ್ಟಿಯ ಬಾಗಿಲಲ್ಲಿ ನಮಗೆ ಬೆನ್ನು ಮಾಡಿ ಹಗ್ಗ ಹೊಸೆಯುತ್ತ ಕೂಡುತ್ತಿದ್ದ.

ತಕರಾರು ಬಂದದ್ದು ಕಾಸ್ ಎ ಪ್ಲಸ್ ಬಿ ಹತ್ತಿರ. ಅದರಲ್ಲಿ ಮೊದಲು ಕಾಸ್ ಕಾಸ್, ಆಮೇಲೆ ಮೈನಸ್ ಸೈನ್ ಸೈನ್. ಮೈನಸ್ ಅಂದರೇನೆಂದು ಮುತ್ಯಾ ಕೇಳಿದ. ಕಳೆಯುವುದು ಎಂದೆ. ಅವನು ತಲೆ ಕೊಡವಿದ.

"ಪದ ಕಳಿಯೂದ್ರಾಗ ಮುಗಿಯಂಗಿಲ್ಲ. ಬೀರಪ್ಪನ ಮುಂದ ಹಾಡೂ ಬಾಯಿ ಇದು. ಕೂಡೂದ್ರಾಗ ಮುಗೀಬೇಕು."

"ಅದು ಬೀರಪ್ಪಂದಲ್ಲೋ ಮುತ್ಯಾ, ಗಣಿತಾ!"

"ಯಾರದರ ಇರಲಿ."

ಅವನು ಮೈನಸ್ ತೆಗೆದು ಪ್ಲಸ್ ಹಾಕಿ ಹಾಡಿಬಿಟ್ಟ. ಅದೇ ನನ್ನ ಕಿವಿಯಲ್ಲಿ ಕುಳಿತಿತು. ವಾರದ ಪರೀಕ್ಷೆಯಲ್ಲಿ ನಾನೂ ಪ್ಲಸ್ ಬರೆದು ಬಂದೆ. ನಮ್ಮ ಗಣಿತದ ಸರ್ ಕೆಂಪು ಮಸಿಯಲ್ಲಿ ಇಷ್ಟುದ್ದ ಗೀಟು ಹಾಕಿ ಕೊಟ್ಟರು. ಮನೆಗೆ ಬಂದು ಹಾಳೆಯನ್ನು ಮುತ್ಯಾನ ಮುಂದೆ ಹಿಡಿದು ರಂಪ ಮಾಡಿದೆ. "ನಿನ್ನ ಶಾಸ್ತ್ರದಿಂದ ನನ್ನ ಸೀಟ್ ಹೋಗತೈತಿ ನೋಡು! ನಾಳಿಯಿಂದ ನಾ ಹಾಡಂಗಿಲ್ಲ," ಎಂದೆ. ಮುತ್ಯಾ ಕೆಂಪು ಗೀಟಿನ ಮೇಲೆ ಬೆರಳಾಡಿಸಿ, ಹಾಳೆ ಮಡಿಚಿ ನನ್ನ ಕೈಗೆ ಕೊಟ್ಟ. ಅವನು ಅಷ್ಟು ಸಪ್ಪಗಾದದ್ದನ್ನು ನಾನು ಎಂದೂ ನೋಡಿರಲಿಲ್ಲ.

ರೊಟ್ಟಿ ತಿನ್ನುವಾಗ ನನಗೇ ಹೊಳೆಯಿತು. ಕಳೆಯುವುದು ಕೊನೆಗೇ ಬರಬೇಕೆಂದು ಯಾರು ಹೇಳಿದ್ದಾರೆ? ಮೊದಲೇ ಕಳೆದು ಆಮೇಲೆ ಕೂಡಿಸಿದರೂ ಉತ್ತರ ಅದೇ ಅಲ್ಲವೇ! ಎಂಜಲು ಕೈಯಲ್ಲೇ ಎದ್ದು ಕಟ್ಟೆಗೆ ಓಡಿದೆ. ಮುತ್ಯಾ ಕೇಳಿ, ಮೀಸೆ ತುಂಬ ನಕ್ಕು, ಅಲ್ಲೇ ಪದ ಕಟ್ಟಿದ:

"ಮೊದಲ ಕಳೀರಿ ಸೈನಿಗೆ ಸೈನಾ,
ಆಮ್ಯಾಲ ಕೂಡ್ರಿ ಕಾಸಿಗೆ ಕಾಸಾ."

ಮುಂದಿನ ಪರೀಕ್ಷೆಯಲ್ಲಿ ಹಾಗೇ ಬರೆದೆ. ಸರ್ ಕೇಳಿದರು, "ಇದೇನಿದು, ಹಿಂದಿಂದು ಮುಂದ ಬರದೀಯಲ್ಲ?"

"ನಮ್ಮನ್ಯಾಗ ಕಳಿಯೂದ್ರಾಗ ಮುಗಸಂಗಿಲ್ರಿ ಸರ್."

ಕ್ಲಾಸೆಲ್ಲ ಹೋ ಎಂದಿತು. ಸರ್ ನಗು ತಡೆದುಕೊಂಡು ಪೂರ್ತಿ ಅಂಕ ಕೊಟ್ಟರು.

ಸಿಇಟಿ ಬಾಗಲಕೋಟೆಯಲ್ಲಿತ್ತು. ಗಣಿತದ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ತಲೆಯೆಲ್ಲ ಖಾಲಿ. ಕಾಸ್ ಎಪ್ಪತ್ತೈದು ಡಿಗ್ರಿ ಎಷ್ಟು ಎಂದು ಕೇಳಿದ್ದರು. ನಾಲ್ಕು ಉತ್ತರಗಳಲ್ಲಿ ಎರಡು ಒಂದೇ ರೀತಿ ಕಾಣುತ್ತಿದ್ದವು. ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್. ಯಾವುದು? ಬಿ.ಎ. ತರಗತಿಯ ಕಿಟಕಿ ಕಣ್ಣ ಮುಂದೆ ಬಂತು. ಆಗ ನನ್ನ ಬೆರಳುಗಳು ತಾವಾಗಿಯೇ ಬೆಂಚನ್ನು ಬಡಿಯತೊಡಗಿದವು. ಬಾಯಿ ತಾನಾಗಿಯೇ, "ಮೊದಲ ಕಳೀರಿ" ಎಂದಿತು. ಒಳಗೆಲ್ಲೋ ಹಿಮ್ಮೇಳದ ಮುದುಕರು ದನಿಗೂಡಿಸಿದರು. ಎಪ್ಪತ್ತೈದನ್ನು ನಲವತ್ತೈದು, ಮೂವತ್ತು ಎಂದು ಒಡೆದು ಕಳೆದೆ, ಕೂಡಿದೆ. ಮೈನಸ್ಸೇ ಸರಿ!

ಮೇಲ್ವಿಚಾರಕರು ಬಂದು ನಿಂತರು. "ಏನವಾ, ಹಾಡಾಕತ್ತೀಯೇನು?"

"ಇಲ್ರಿ ಸರ್, ಲೆಕ್ಕಾ ಮಾಡಾಕತ್ತೇನ್ರಿ."

"ಬಾಯಿ ಮುಚ್ಚಿ ಮಾಡು."

ಬಾಯಿ ಮುಚ್ಚಿದೆ. ಮೇಜಿನ ಕೆಳಗೆ ಕಾಲ್ಬೆರಳಿನಲ್ಲಿ ತಾಳ ಹಾಕುತ್ತ ಕೊನೆಯವರೆಗೂ ಬರೆದೆ.

ಫಲಿತಾಂಶ ಬಂದದ್ದು ಕಾರಹುಣ್ಣಿಮೆಯ ದಿನ. ಬಾದಾಮಿಯಲ್ಲಿ ಆಗಷ್ಟೇ ಇಂಟರ್ನೆಟ್ ಅಂಗಡಿ ತೆರೆದಿತ್ತು. ಅಪ್ಪ ನನ್ನ ನಂಬರು ಬರೆದುಕೊಂಡು ಮುಂಜಾನೆಯೇ ಹೋದವನು ಮಧ್ಯಾಹ್ನ ಇಳಿದರೂ ಬಂದಿರಲಿಲ್ಲ. ಎತ್ತುಗಳಿಗೆ ಬಣ್ಣ ಹಚ್ಚಿ ಮುಗಿದಿತ್ತು. ಬೀರಪ್ಪನ ಗುಡಿಯ ಮುಂದೆ ಗುಳೇದಗುಡ್ಡದ ಕಡೆಯ ಒಂದು ಮೇಳಕ್ಕೂ ನಮ್ಮ ಮೇಳಕ್ಕೂ ಸವಾಲ್ ಜವಾಬ್ ನಡೆದಿತ್ತು. ಒಂದು ಮೇಳ ಹಾಡಿನಲ್ಲಿ ಪ್ರಶ್ನೆ ಹಾಕಬೇಕು, ಇನ್ನೊಂದು ಹಾಡಿನಲ್ಲೇ ಉತ್ತರಿಸಬೇಕು. ಉತ್ತರ ಬರದಿದ್ದರೆ ಕೇಳಿದವರೇ ಹೇಳಿ ಗೆಲ್ಲಬೇಕು. ನಾನು ಹೆಂಗಸರ ನಡುವೆ ಕುಳಿತಿದ್ದೆ. ಕಿವಿ ಹಾಡಿನ ಕಡೆ, ಕಣ್ಣು ಬಸ್ಸು ಬರುವ ದಾರಿಯ ಕಡೆ.

ನಮ್ಮ ಸರದಿ ಬಂತು. ಮುತ್ಯಾ ಕಿವಿಯ ಮೇಲೆ ಕೈಯಿಟ್ಟು, ಕಾಸ್ ಎ ಪ್ಲಸ್ ಬಿ ಅಂದರೆ ಏನು, ಬಲ್ಲವರಿದ್ದರೆ ಬಿಡಿಸಿ ಹೇಳಿರಿ ಎಂದು ಹಾಡಿಯೇಬಿಟ್ಟ! ನಮ್ಮೂರಿನವರು ಕೇಕೆ ಹಾಕಿದರು. ಆ ಮೇಳದವರು ಮುಖ ಮುಖ ನೋಡಿಕೊಂಡರು. ಕೊನೆಗೆ ಅವರ ಹಿರಿಯ ಎದ್ದು ನಿಂತ.

"ನೀವ ಹೇಳ್ರಿ ಜವಾಬು. ಆದ್ರ ಅದು ಖರೆ ಅನ್ನಾಕ ಸಾಕ್ಷಿ ಯಾರು?"

ಮುತ್ಯಾ ನನ್ನತ್ತ ಕೈ ಮಾಡಿದ. "ನನ್ನ ಮೊಮ್ಮಗಳು. ಇದನ್ನ ಹಾಡೇ ಪರೀಕ್ಷಾ ಬರದಾಳ."

"ಬರದಾಳ ಖರೆ. ಪಾಸ್ ಆಗ್ಯಾಳೇನು?"

ಡೊಳ್ಳು ನಿಂತಿತು. ಊರೆಲ್ಲ ನನ್ನನ್ನೇ ನೋಡಿತು. ಮುತ್ಯಾ ಬಸ್ಸು ಬರುವ ದಾರಿಯ ಕಡೆ ನೋಡಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

"ಆಗ್ಯಾಳ!"

ಅಪ್ಪ. ಮಂದಿಯ ಹಿಂದೆ, ಕೈಯಲ್ಲಿ ಚಪ್ಪಲಿ ಹಿಡಿದು, ಮೈತುಂಬ ಬಸ್ಸಿನ ಧೂಳು. "ಸರಕಾರನ ಖರೆ ಅಂದೈತಿ. ಗಣಿತದಾಗ ಮಾರ್ಕ್ಸ್ ಭಾಳ ಬಂದಾವು. ಬಾಗಲಕೋಟ್ಯಾಗ ಸೀಟ್ ಸಿಗತೈತಂತ!"

ಹೆಂಗಸರು ನನ್ನನ್ನು ಅಪ್ಪಿಕೊಂಡರು. ಯಾರೋ ತಲೆಗೆ ಬೀರಪ್ಪನ ಅರಿಸಿನದ ಭಂಡಾರ ಸುರಿದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಡೊಳ್ಳು ಮತ್ತೆ ಎದ್ದಿತು. ಮುತ್ಯಾ ಜವಾಬು ಹಾಡಲು ನಿಂತ. "ಮೊದಲ ಕಳೀರಿ ಸೈನಿಗೆ ಸೈನಾ" ಎಂದ. ಅಷ್ಟಕ್ಕೇ ನಿಲ್ಲಿಸಿ ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡ. ಮುಂದಿನ ಸಾಲು ಹೊರಡಲೊಲ್ಲದು. ಹಿಮ್ಮೇಳದವರು ಅವನ ಬಾಯಿಯನ್ನೇ ಕಾಯುತ್ತ ನಿಂತರು.

ಆಗ ಅಪ್ಪ ಚಪ್ಪಲಿ ಕೆಳಗಿಟ್ಟು, ಕಿವಿಯ ಮೇಲೆ ಕೈಯಿಟ್ಟು, ಜನ್ಮದಲ್ಲಿ ಹಾಡದವನು ತನ್ನ ಒರಟು ದನಿಯಲ್ಲೇ ಹಾಡಿದ:

"ಆಮ್ಯಾಲ ಕೂಡ್ರಿ ಕಾಸಿಗೆ ಕಾಸಾ!"

ಹಗ್ಗ ಹೊಸೆಯುತ್ತ, ನಮಗೆ ಬೆನ್ನು ಮಾಡಿ ಕುಳಿತು, ಅಪ್ಪ ಎಲ್ಲವನ್ನೂ ಕಲಿತಿದ್ದ.